ಎಲ್ಫ್‌ಗಳ ಕಾಡು ನಮ್ಮ ಚಾಮರಾಜನಗರದಲ್ಲೇ!

ಇಂದಿರಾನಗರ ಮೆಟ್ರೋದಲ್ಲಿ ಟೋಲ್ಕಿನ್ ಓದೋ ನನ್ನಂಥವರಿಗೆ ಎಲ್ಫ್‌ಗಳ ಕಾಡು ಅಂದ್ರೆ ಪ್ರಾಣ. ಆದರೆ ಮರವನ್ನೇ ದೇವರೆನ್ನುವ ಜನ ಬಿಳಿಗಿರಿರಂಗನ ಬೆಟ್ಟದಲ್ಲೇ ಇದ್ದಾರೆ: ಸೋಲಿಗರು. ದೊಡ್ಡ ಸಂಪಿಗೆ ಮರಕ್ಕೆ ಅವರ ಪೂಜೆ. ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದ ರಂಗನಾಥ ಅವರಿಗೆ ಭಾವ!

ಕಥೆಯಲ್ಲಿ ಎಲ್ಫ್‌ಗಳು ತಾವಾಗಿಯೇ ಹಡಗು ಹತ್ತಿ ಹೊರಡ್ತಾರೆ. 1974ರಲ್ಲಿ ಬೆಟ್ಟ ಅಭಯಾರಣ್ಯವಾದ ಮೇಲೆ ಸೋಲಿಗರನ್ನು ಒಳಗಾಡಿನಿಂದ ಎಬ್ಬಿಸಲಾಯಿತು. ಅವರು ಹಾಕುತ್ತಿದ್ದ ತರಗು ಬೆಂಕಿ ನಿಂತಿತು. ಲಂಟಾನ ಹಬ್ಬಿದ್ದು ಅದಕ್ಕೇ ಅಂತಾರೆ ಅವರು. ಕೊನೆಗೆ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಹಕ್ಕು ಪಡೆದರು. ಜೇನು, ನೆಲ್ಲಿಕಾಯಿ ಸಂಗ್ರಹಿಸುವುದು ಈಗ ಅವರ ಹಕ್ಕು.

ಮುಂದಿನ ವೀಕೆಂಡ್ ಬೆಟ್ಟಕ್ಕೆ ಹೋದ್ರೆ ಹುಲಿ ಹುಡುಕಿ, ಸರಿ. ಸೋಲಿಗರನ್ನೂ ಒಮ್ಮೆ ಮಾತಾಡಿಸಿ.