ಜಗಲಿಯ ಹಳೆ ಲಾಟೀನು

ಮಕ್ಕಳೇ, ನೀವು ವಯನಾಡಿಗೆ ಪ್ರವಾಸ ಹೋಗಿದ್ದೀರಾ? ತಾಮರಶ್ಶೇರಿ ಘಾಟಿಯ ಒಂಬತ್ತು ಕಡಿದಾದ ತಿರುವುಗಳನ್ನು ದಾಟಿ ಮೇಲೇರಿದರೆ ಕಾಫಿ ತೋಟ, ಚಹಾ ತೋಟ, ಕರಿಮೆಣಸಿನ ಬಳ್ಳಿಗಳು ಕಾಣಸಿಗುತ್ತವೆ. ಅಲ್ಲಿ ಪ್ರವಾಸಿಗರು ತಂಗುವ ಹಂಚಿನ ಮನೆಗಳಿವೆ. ಅಂತಹ ಕೆಲವು ಮನೆಗಳ ಜಗಲಿಯಲ್ಲಿ ಹಳೆಯ ಲಾಟೀನು ತೂಗುತ್ತಿರುತ್ತದೆ. ಅದರ ತಗಡಿಗೆ ತುಕ್ಕು ಹಿಡಿದಿದೆ. ಬಣ್ಣ ಎದ್ದುಹೋಗಿದೆ. ಒಳಗೆ ಎಣ್ಣೆಯಿಲ್ಲ, ಬತ್ತಿಯೂ ಇಲ್ಲ. ಬಂದವರು "ಎಷ್ಟು ಚಂದ!" ಎನ್ನುತ್ತಾ ಅದರ ಬಳಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಚಂದವೇನೋ ಹೌದು. ಆದರೆ ಲಾಟೀನು ಅಲಂಕಾರಕ್ಕಾಗಿ ಹುಟ್ಟಿದ ವಸ್ತುವಲ್ಲ. ಹಾಗಾದರೆ ಅದರ ಕೆಲಸವೇನಾಗಿತ್ತು? ತಿಳಿಯೋಣ.

ಲಾಟೀನಿಗೆ ಲಾಂದ್ರ, ಕಂದೀಲು ಎಂಬ ಹೆಸರುಗಳೂ ಇವೆ. ಮಲೆಯಾಳದಲ್ಲಿ ರಾಂತಲ್ ಎನ್ನುತ್ತಾರೆ. ಅದಕ್ಕೆ ಹಾಕುವ ಎಣ್ಣೆಯ ಹೆಸರುಗಳನ್ನು ಗಮನಿಸಿರಿ. ಬೇರೆ ಸೀಮೆಯಿಂದ, ಎಂದರೆ ಹೊರನಾಡಿನಿಂದ ಬಂದುದರಿಂದ ಕನ್ನಡದಲ್ಲಿ ಅದು ಸೀಮೆಎಣ್ಣೆ. ನಮ್ಮ ಕಾಸರಗೋಡಿನಲ್ಲಿ ಚಿಮಿಣಿ ಎಣ್ಣೆ ಎನ್ನುವುದೂ ಉಂಟು. ಮಲೆಯಾಳದಲ್ಲಿ ಮಣ್ಣೆಣ್ಣ, ಅಂದರೆ ಮಣ್ಣಿನಡಿಯಿಂದ ಬಂದ ಎಣ್ಣೆ. ಒಂದು ಹೆಸರು ಎಣ್ಣೆ ಬಂದ ದಾರಿಯನ್ನು ಹೇಳಿದರೆ, ಇನ್ನೊಂದು ಅದು ದೊರೆಯುವ ಜಾಗವನ್ನು ಹೇಳುತ್ತದೆ. ಭೂಮಿಯ ಆಳದಿಂದ ತೆಗೆದ ಕಚ್ಚಾ ತೈಲವನ್ನು ಕಾಯಿಸಿ, ಆವಿ ಮಾಡಿ, ತಣಿಸಿ ಸೀಮೆಎಣ್ಣೆಯನ್ನು ಬೇರ್ಪಡಿಸುತ್ತಾರೆ.

ಮೊದಲು ಜನರು ತೆಂಗಿನೆಣ್ಣೆ, ಹರಳೆಣ್ಣೆ, ಹೊಂಗೆ ಎಣ್ಣೆಯ ಹಣತೆಗಳನ್ನು ಉರಿಸುತ್ತಿದ್ದರು. 1853ರಲ್ಲಿ ಪೋಲೆಂಡಿನ ಔಷಧ ತಯಾರಕ ಇಗ್ನಾತ್ಸಿ ವುಕಾಶೆವಿಚ್ ತಯಾರಿಸಿದ ಸೀಮೆಎಣ್ಣೆ ದೀಪವು ಲ್ವಿವ್ ನಗರದ ಆಸ್ಪತ್ರೆಯೊಂದರಲ್ಲಿ ಬೆಳಗಿತು. ಮುಂದೆ ಅಮೆರಿಕದ ಜಾನ್ ಇರ್ವಿನ್ ಎಂಬವರು ಎರಡು ಬದಿಗಳಲ್ಲಿ ಕೊಳವೆಗಳಿರುವ ಲಾಟೀನನ್ನು ರೂಪಿಸಿದರು. ಅಮೆರಿಕ, ಜರ್ಮನಿಗಳಲ್ಲಿ ತಯಾರಾದ ಲಾಟೀನುಗಳು ನಮ್ಮ ದೇಶಕ್ಕೂ ಬಂದವು. ಬಳಿಕ ಮಹಾರಾಷ್ಟ್ರದ ಓಗಲೇವಾಡಿಯಲ್ಲಿ 'ಪ್ರಭಾಕರ' ಎಂಬ ಸ್ವದೇಶಿ ಕಂದೀಲು ತಯಾರಾಯಿತು.

ಲಾಟೀನಿನ ತಳದಲ್ಲಿ ಎಣ್ಣೆ ತುಂಬುವ ಡಬ್ಬಿಯಿದೆ. ಹತ್ತಿಯ ಬತ್ತಿಯ ಒಂದು ತುದಿ ಎಣ್ಣೆಯಲ್ಲಿ ಮುಳುಗಿರುತ್ತದೆ. ಒಂದು ಬಟ್ಟೆಯ ತುದಿಯನ್ನು ನೀರಿಗೆ ಇಳಿಬಿಟ್ಟು ನೋಡಿರಿ. ನೀರು ನಿಧಾನವಾಗಿ ಮೇಲೇರುತ್ತದಲ್ಲವೇ? ಎಣ್ಣೆಯೂ ಬತ್ತಿಯಲ್ಲಿ ಹೀಗೆಯೇ ಏರುತ್ತದೆ. ಬದಿಯ ತಿರುಪನ್ನು ತಿರುಗಿಸಿ ಬತ್ತಿಯನ್ನು ಏರಿಸಬಹುದು, ಇಳಿಸಬಹುದು.

ಬೆಂಕಿ ಉರಿಯಲು ಗಾಳಿ ಬೇಕು. ಆದರೆ ಜೋರಾದ ಗಾಳಿ ಬೆಂಕಿಯನ್ನು ನಂದಿಸುತ್ತದೆ. ಈ ಸಮಸ್ಯೆಗೆ ಲಾಟೀನಿನಲ್ಲಿ ಪರಿಹಾರವಿದೆ. ಗಾಜು ಜ್ವಾಲೆಯನ್ನು ಕಾಯುತ್ತದೆ. ಬಿಸಿಗಾಳಿ ಮೇಲಿನ ಮುಚ್ಚಳದ ಮೂಲಕ ಹೊರಹೋಗುತ್ತದೆ. ಬದಿಯ ಕೊಳವೆಗಳ ಮೂಲಕ ಗಾಳಿ ಕೆಳಗಿಳಿದು ಬತ್ತಿಯನ್ನು ತಲುಪುತ್ತದೆ. ಹೊರಗೆ ಬಿರುಗಾಳಿ ಬೀಸಿದರೂ ಆ ಉದ್ದದ ದಾರಿಯಲ್ಲಿ ಅದರ ರಭಸ ಕುಗ್ಗುತ್ತದೆ.

ಆದುದರಿಂದಲೇ ಮಳೆಗಾಳಿಯ ರಾತ್ರಿಯಲ್ಲೂ ಲಾಟೀನು ಹಿಡಿದು ನಡೆಯಲು ಸಾಧ್ಯವಾಯಿತು. ಎತ್ತಿನಗಾಡಿಯ ಅಡಿಯಲ್ಲಿ ಲಾಟೀನು ತೂಗಾಡುತ್ತಿತ್ತು. ಕಾಡುಹಂದಿಗಳಿಂದ ಗದ್ದೆಯನ್ನು ಕಾಯುವವರು ಅದನ್ನು ಜತೆಗೆ ಒಯ್ಯುತ್ತಿದ್ದರು. ಸಂಜೆಯಾದೊಡನೆ ಗಾಜಿನ ಮಸಿಯನ್ನು ಬೂದಿಯಿಂದ ತಿಕ್ಕಿ ಒರಸುವುದು ಅನೇಕ ಮನೆಗಳಲ್ಲಿ ಮಕ್ಕಳ ಕೆಲಸವಾಗಿತ್ತು. ಆಮೇಲೆ ಒಂದೇ ಲಾಟೀನಿನ ಸುತ್ತ ಅಣ್ಣ, ತಂಗಿ, ತಮ್ಮ ಎಲ್ಲರೂ ಪುಸ್ತಕ ಬಿಡಿಸಿ ಕೂರುತ್ತಿದ್ದರು. ನಿಮ್ಮ ಅಧ್ಯಾಪಕರಲ್ಲಿಯೂ ಕೆಲವರು ಹಾಗೆ ಓದಿದವರೇ.

ಆದರೆ ಆ ಕಾಲವು ಸುಖದ್ದಾಗಿತ್ತೆಂದು ಭಾವಿಸಬೇಡಿರಿ. ಬೆಳಕು ಮಂದವಾಗಿತ್ತು. ಹೊಗೆಯಿಂದ ಕಣ್ಣು ಉರಿಯುತ್ತಿತ್ತು, ಕೆಮ್ಮು ಬರುತ್ತಿತ್ತು. ದೀಪ ಉರುಳಿದರೆ ಬೆಂಕಿಯ ಭಯ. ಎಣ್ಣೆ ಮುಗಿದರೆ ಓದೂ ಮುಗಿಯಿತು. ಕೇರಳದ ಎಲ್ಲ ಮನೆಗಳಿಗೂ ವಿದ್ಯುತ್ ತಲುಪಿತೆಂದು ಸರಕಾರ ಘೋಷಿಸಿದುದು 2017ರ ಮೇ 29ರಂದು. ಅದೇ ವರ್ಷ ಡಿಸೆಂಬರಿನಲ್ಲಿ ವಯನಾಡಿನ ಬಾಣಾಸುರ ಸಾಗರ ಜಲಾಶಯದ ನೀರಿನ ಮೇಲೆ ತೇಲುವ ಸೌರಫಲಕಗಳು ವಿದ್ಯುತ್ ಉತ್ಪಾದಿಸತೊಡಗಿದವು.

ವಿದ್ಯುತ್ ಬಂದರೂ ಕತ್ತಲೆ ಪೂರ್ತಿ ದೂರವಾಗಲಿಲ್ಲ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕೈ, ಚೂರಲ್‌ಮಲ ಪ್ರದೇಶಗಳಲ್ಲಿ ಗುಡ್ಡ ಕುಸಿದು ನೂರಾರು ಜನರು ಪ್ರಾಣ ಕಳೆದುಕೊಂಡರು. ವಿದ್ಯುತ್ ಕಂಬಗಳೂ ತಂತಿಗಳೂ ನಾಶವಾದವು. ಕತ್ತಲಲ್ಲಿ ಒಂದು ಬೆಳಕಿಗೆ ಎಷ್ಟು ಬೆಲೆಯಿದೆ ಎಂಬುದು ಅಂತಹ ಹೊತ್ತಿನಲ್ಲಿ ತಿಳಿಯುತ್ತದೆ. ಮಳೆಗಾಲದಲ್ಲಿ ಮನೆಯಲ್ಲೊಂದು ಟಾರ್ಚನ್ನು ಸಿದ್ಧವಾಗಿಟ್ಟುಕೊಳ್ಳುವುದು ಒಳ್ಳೆಯದು. ಹಳೆಯ ಲಾಟೀನನ್ನು ನೀವಾಗಿ ಉರಿಸಲು ಹೋಗಬೇಡಿರಿ. ತುಕ್ಕು ಹಿಡಿದ ಡಬ್ಬಿಯಿಂದ ಎಣ್ಣೆ ಸೋರಬಹುದು. ಅದಕ್ಕೆ ಪೆಟ್ರೋಲನ್ನಂತೂ ಎಂದಿಗೂ ಹಾಕಬಾರದು. ಪೆಟ್ರೋಲಿನ ಆವಿಗೆ ಥಟ್ಟನೆ ಬೆಂಕಿ ಹತ್ತಿಕೊಳ್ಳುತ್ತದೆ.

ವಯನಾಡಿನ ಅಂಬಲವಯಲಿನಲ್ಲಿ ಒಂದು ವಸ್ತುಸಂಗ್ರಹಾಲಯವಿದೆ. ಹಳೆಯ ಶಿಲ್ಪಗಳನ್ನೂ ಬುಡಕಟ್ಟು ಜನರು ಬಳಸುತ್ತಿದ್ದ ವಸ್ತುಗಳನ್ನೂ ಅಲ್ಲಿ ಕಾಪಾಡಿದ್ದಾರೆ. ವಸ್ತುಸಂಗ್ರಹಾಲಯಗಳಲ್ಲಿ ವಸ್ತುವಿನ ಬಳಿ ಒಂದು ಚೀಟಿಯಿರುತ್ತದೆ. ಅದನ್ನು ಓದಿದರೆ ವಸ್ತುವಿನ ಕತೆ ತಿಳಿಯುತ್ತದೆ. ಜಗಲಿಯ ಲಾಟೀನಿಗೆ ಅಂತಹ ಚೀಟಿಯಿಲ್ಲ. ಅದರ ಕತೆ ಇರುವುದು ಹಿರಿಯರ ನೆನಪಿನಲ್ಲಿ ಮಾತ್ರ. ಅವರಲ್ಲಿ ಕೇಳದಿದ್ದರೆ ಮುಂದೊಂದು ದಿನ ಲಾಟೀನು ಉಳಿದೀತು, ಕತೆ ಉಳಿಯಲಾರದು.

ನಿಮ್ಮ ಮನೆಯ ಅಟ್ಟದಲ್ಲೋ ನೆರೆಮನೆಯಲ್ಲೋ ಹಳೆಯ ಲಾಟೀನು ಇದೆಯೇ? ಅದರ ಮೇಲೆ ತಯಾರಿಸಿದವರ ಹೆಸರು ಅಚ್ಚಾಗಿದೆಯೇ ನೋಡಿರಿ. ಅದನ್ನು ಯಾರು ತಂದರು, ಅದರ ಬೆಳಕಿನಲ್ಲಿ ಯಾರು ಓದಿದರು ಎಂದು ಅಜ್ಜ, ಅಜ್ಜಿಯಂದಿರಲ್ಲಿ ಕೇಳಿರಿ. ಅವರು ಹೇಳಿದುದನ್ನು ಬರೆದು ಲಾಟೀನಿಗೊಂದು ಚೀಟಿ ತಯಾರಿಸಿರಿ. ತರಗತಿಯಲ್ಲಿ ಅದನ್ನು ಓದಿ ಹೇಳಿರಿ.