ನೆಲದ ಮೇಲಿನ ವಿಮಾನ

ಹಕ್ಕಿಯಂತೆ ಹಾರಬೇಕೆಂಬುದು ಮಾನವನ ಬಹುಕಾಲದ ಬಯಕೆ. 1903ರಲ್ಲಿ ರೈಟ್ ಸಹೋದರರು ಅದನ್ನು ಯಂತ್ರಬಲದಿಂದ ಈಡೇರಿಸಿದರು. ಆದರೆ ಹಾರಲು ಕಲಿಯುವುದು ಸುಲಭವಾಗಿರಲಿಲ್ಲ. ನೆಲದ ಮೇಲೆ ತಪ್ಪಿದವನು ತಿದ್ದಿಕೊಳ್ಳಬಹುದು. ಆಕಾಶದಲ್ಲಿ ತಪ್ಪಿದವನಿಗೆ ಅನೇಕ ವೇಳೆ ಆ ಅವಕಾಶವೇ ದೊರೆಯುತ್ತಿರಲಿಲ್ಲ.

ಮೋಡದೊಳಗೆ ಹೊಕ್ಕ ವಿಮಾನಚಾಲಕನಿಗೆ ಕ್ಷಿತಿಜವು ಕಾಣದು. ನಮ್ಮ ಒಳಗಿವಿಯಲ್ಲಿರುವ ದ್ರವದ ಚಲನೆಯಿಂದ ದೇಹದ ತಿರುಗುವಿಕೆಯ ಅರಿವುಂಟಾಗುತ್ತದೆಯಷ್ಟೆ. ವಿಮಾನವು ಒಂದೇ ಸಮನಾಗಿ ಸ್ವಲ್ಪ ಹೊತ್ತು ತಿರುಗುತ್ತಿದ್ದರೆ ಆ ದ್ರವವೂ ಜೊತೆಯಲ್ಲಿಯೇ ತಿರುಗತೊಡಗುತ್ತದೆ. ಆಗ ಚಾಲಕನಿಗೆ ತಾನು ನೇರವಾಗಿ ಸಾಗುತ್ತಿರುವೆನೆಂಬ ಭ್ರಮೆಯುಂಟಾಗುತ್ತದೆ. ಇಂತಹ ವೇಳೆಯಲ್ಲಿ ದೇಹವನ್ನು ನಂಬಿದವನು ಕೆಡುತ್ತಾನೆ. ಕಣ್ಣೆದುರಿನ ಉಪಕರಣಗಳನ್ನು ನಂಬಿದವನು ಉಳಿಯುತ್ತಾನೆ.

ಈ ನಂಬಿಕೆಯನ್ನು ನೆಲದ ಮೇಲೆಯೇ ಕಲಿಸಲು ದಾರಿ ತೋರಿದವನು ಎಡ್ವಿನ್ ಲಿಂಕ್. ಅಮೆರಿಕದ ಬಿಂಗ್‌ಹ್ಯಾಮ್‌ಟನ್ ನಗರದಲ್ಲಿ ಅವನ ತಂದೆಗೆ ಆರ್ಗನ್ ವಾದ್ಯಗಳನ್ನು ತಯಾರಿಸುವ ಕಾರ್ಖಾನೆಯಿತ್ತು. ಆ ವಾದ್ಯಗಳ ತಿದಿಗಳನ್ನೇ ಬಳಸಿ, ವಾಲುವ ಮತ್ತು ತಿರುಗುವ ಪುಟ್ಟ ವಿಮಾನವೊಂದನ್ನು ಅವನು 1929ರ ವೇಳೆಗೆ ನಿರ್ಮಿಸಿದನು. ಮೊದಲು ಅದು ಜನರಿಗೆ ವಿನೋದದ ವಸ್ತುವಾಯಿತು. 1934ರಲ್ಲಿ ಅಮೆರಿಕದ ಸೈನ್ಯವು ವಿಮಾನದಲ್ಲಿ ಅಂಚೆ ಸಾಗಿಸುವ ಹೊಣೆಯನ್ನು ಹೊತ್ತಾಗ, ಕೆಟ್ಟ ಹವೆಯಲ್ಲಿ ಹಲವು ಚಾಲಕರು ಪ್ರಾಣ ನೀಗಿದರು. ಆ ಬಳಿಕ ಸೈನ್ಯವು ಇಂತಹ 6 ಯಂತ್ರಗಳನ್ನು ಕೊಂಡಿತು. ಶಿಕ್ಷಾರ್ಥಿಯನ್ನು ಒಳಗೆ ಕೂರಿಸಿ ಮುಚ್ಚಳ ಮುಚ್ಚಿದರೆ ಅವನಿಗೆ ಉಪಕರಣಗಳಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ಅವನು 'ಹಾರಿದ' ದಾರಿಯನ್ನು ಗಾಲಿಗಳುಳ್ಳ ಸಣ್ಣ ಸಾಧನವೊಂದು ಶಿಕ್ಷಕನ ಮೇಜಿನ ನಕ್ಷೆಯ ಮೇಲೆ ಶಾಯಿಯಿಂದ ಗುರುತಿಸುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಲಕ್ಷಾಂತರ ಮಂದಿ ಈ ಯಂತ್ರದಲ್ಲಿ ತರಬೇತಿ ಪಡೆದರು.

ಗಣಕಯಂತ್ರವು ಬಂದ ಮೇಲೆ ಈ ವಿದ್ಯೆ ಮನೆಗೂ ಬಂದಿತು. ಬ್ರೂಸ್ ಆರ್ಟ್‌ವಿಕ್ ರಚಿಸಿದ ಹಾರಾಟದ ಕಾರ್ಯಕ್ರಮವು 1979ರಲ್ಲಿ ಮನೆಯ ಗಣಕಗಳಿಗೆ ದೊರೆಯಿತು. ಆದರೆ ತೆರೆಯ ಮೇಲಿನ ಚಿತ್ರದಿಂದಷ್ಟೇ ತೃಪ್ತರಾಗದ ಹವ್ಯಾಸಿಗಳು ನಿಜವಾದ ಉಪಕರಣ ಫಲಕವನ್ನೇ ಕಟ್ಟತೊಡಗಿದರು. ಪ್ಲೈವುಡ್ ಹಲಗೆಯಲ್ಲಿ ದುಂಡನೆಯ ರಂಧ್ರಗಳನ್ನು ಕೊರೆದು ವೇಗಮಾಪಕ, ಎತ್ತರಮಾಪಕ, ಕೃತಕ ಕ್ಷಿತಿಜ ಮೊದಲಾದವುಗಳನ್ನು ಅವರು ಕೂರಿಸುತ್ತಾರೆ. ಮುಳ್ಳಿನ ಹಿಂದೆ ಹಂತಹಂತವಾಗಿ ತಿರುಗುವ ಸಣ್ಣ ಮೋಟಾರು ಇರುತ್ತದೆ. ಗಣಕವು ಕಳುಹಿಸುವ ಅಂಕಿಯನ್ನು ಚಿಕ್ಕದೊಂದು ನಿಯಂತ್ರಕವು ಕೋನವನ್ನಾಗಿ ಮಾರ್ಪಡಿಸಿ ಆ ಮೋಟಾರನ್ನು ತಿರುಗಿಸುತ್ತದೆ.

ಎತ್ತರಮಾಪಕವನ್ನೇ ನೋಡಿರಿ. ಅದರ ಉದ್ದ ಮುಳ್ಳು 1,000 ಅಡಿಗೆ ಒಂದು ಸುತ್ತು ಬರುತ್ತದೆ. ಗಿಡ್ಡ ಮುಳ್ಳು 10,000 ಅಡಿಗೆ ಒಂದು ಸುತ್ತು. ವಿಮಾನವು 3,500 ಅಡಿ ಎತ್ತರದಲ್ಲಿದ್ದರೆ ಉದ್ದ ಮುಳ್ಳು 5ರ ಮೇಲೆಯೂ ಗಿಡ್ಡ ಮುಳ್ಳು 3 ಮತ್ತು 4ರ ನಡುವೆಯೂ ನಿಲ್ಲಬೇಕು. ಉದ್ದ ಮುಳ್ಳು ಹತ್ತು ಡಿಗ್ರಿ ತಪ್ಪಿದರೂ ಸುಮಾರು 28 ಅಡಿಗಳ ವ್ಯತ್ಯಾಸವಾಗುತ್ತದೆ. ಆದುದರಿಂದ ಪ್ರತಿಯೊಂದು ಮುಳ್ಳನ್ನೂ ತಾಳ್ಮೆಯಿಂದ ಸರಿಹೊಂದಿಸಬೇಕಾಗುತ್ತದೆ.

ಇಂತಹ ಹವ್ಯಾಸದ ಫಲಕದ ಮುಂದೆ ಕಳೆದ ಗಂಟೆಗಳು ಚಾಲಕನ ಪರವಾನಗಿಗೆ ಲೆಕ್ಕವಾಗುವುದಿಲ್ಲ. ಆದರೂ ಅದನ್ನು ಕಟ್ಟುವವನು ಬಡಗಿಯ ಕೈಚಳಕ, ವಿದ್ಯುತ್ತಿನ ವಿದ್ಯೆ, ಗಣಿತ ಇವೆಲ್ಲವನ್ನೂ ಒಟ್ಟಿಗೆ ಕಲಿಯುತ್ತಾನೆ. ಎಲ್ಲಕ್ಕಿಂತ ಮಿಗಿಲಾಗಿ, ತನ್ನ ಅನಿಸಿಕೆಯನ್ನು ಅಳತೆಗೋಲಿನಿಂದ ಪರೀಕ್ಷಿಸಬೇಕೆಂಬ ವಿವೇಕವನ್ನು ಗಳಿಸುತ್ತಾನೆ. ವಿಜ್ಞಾನದ ಮೊದಲ ಪಾಠವೂ ಅದೇ ಅಲ್ಲವೇ?