ಎದೆಪಟ್ಟಿಯ ಮೇಲೊಂದು ಹೆಸರು

ನೊಣವಿನಕೆರೆಯಲ್ಲಿ ಕೊಬ್ಬರಿ ಬೆಲೆ ಬಗ್ಗೆ ಚರ್ಚೆ ಮುಗಿಸಿ ಕ್ಯಾಮೆರಾ ಎತ್ತಿಡ್ತಾ ಇದ್ವಿ. ಹಿರಿಯರೊಬ್ಬರು ಹತ್ತಿರ ಬಂದರು. "ಅಲ್ಲಾ ಸ್ವಾಮಿ, ಮೊನ್ನೆ ಟಿವೀಲಿ ಇಟಲಿ ಅಮೃತಶಿಲೆ ಮೂರ್ತೀನ ಅರ್ಧ ಗಂಟೆ ತೋರಿಸಿದ್ರಿ. ಕೆತ್ತಿದೋನ ಹೆಸರು ಹತ್ತು ಸಲ ಹೇಳಿದ್ರಿ. ನಮ್ಮ ಅರಳಗುಪ್ಪೆ ದೇವಸ್ಥಾನದ ಮಾತು ಬಂದಾಗ ಮಾತ್ರ 'ಯಾರೋ ಅನಾಮಿಕ ಶಿಲ್ಪಿ' ಅಂದುಬಿಟ್ರಲ್ಲ?" ನನ್ನ ಹತ್ತಿರ ಉತ್ತರ ಇರಲಿಲ್ಲ. ತಪ್ಪು ನನ್ನದೇ.

ಆ ಇಟಲಿ ಮೂರ್ತಿಯ ಹೆಸರು ಪಿಯೆತಾ. ಶಿಲುಬೆಯಿಂದ ಇಳಿಸಿದ ಏಸುವಿನ ದೇಹವನ್ನು ತಾಯಿ ಮೇರಿ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಾಳೆ. 1498-99ರಲ್ಲಿ ಇದನ್ನು ಕೆತ್ತಿದಾಗ ಮೈಕೆಲೆಂಜೆಲೊಗೆ ಇನ್ನೂ 24ರ ಆಸುಪಾಸು. ಬೆಳೆದ ಗಂಡಸೊಬ್ಬ ಹೆಂಗಸಿನ ಮಡಿಲಲ್ಲಿ ಮಲಗಿದರೆ ನೋಡೋಕೆ ಅಸಹಜ ಅಲ್ವಾ? ಅದಕ್ಕೇ ಅವನು ಬಟ್ಟೆಯ ನೆರಿಗೆಗಳನ್ನು ಅಗಲವಾಗಿ ಹರಡಿ ಮಡಿಲನ್ನೇ ದೊಡ್ಡದು ಮಾಡಿಬಿಟ್ಟ. ಆಕೆ ಎದ್ದು ನಿಂತರೆ ಮಗನಿಗಿಂತ ಎಷ್ಟೋ ಎತ್ತರ! ಕೂತಿರೋದ್ರಿಂದ ನಮ್ಮ ಕಣ್ಣಿಗೆ ಅದು ಗೊತ್ತೇ ಆಗಲ್ಲ. ಅಳು, ಚೀರಾಟ ಯಾವುದೂ ಇಲ್ಲ. ಎಡಗೈ ಮಾತ್ರ ಬರಿದಾಗಿ ಚಾಚಿದೆ.

ಇದನ್ನು ಬೇರೆ ಯಾರೋ ಕೆತ್ತಿದ್ದು ಅಂತ ಜನ ಮಾತಾಡಿಕೊಳ್ಳೋದು ಕಿವಿಗೆ ಬಿದ್ದು, ಮೈಕೆಲೆಂಜೆಲೊ ರಾತ್ರಿ ಬಂದು ಮೇರಿಯ ಎದೆಪಟ್ಟಿಯ ಮೇಲೆ ತನ್ನ ಹೆಸರು ಕೆತ್ತಿದನಂತೆ. ವಸಾರಿ ಬರೆದ ಕಥೆ ಇದು. ನಿಜವೋ ಸುಳ್ಳೋ, ಹೆಸರಂತೂ ಇದೆ. ಅವನು ಸಹಿ ಹಾಕಿದ ಮೂರ್ತಿ ಅದೊಂದೇ.

ಇನ್ನು ನಮ್ಮ ಅರಳಗುಪ್ಪೆ. ನೊಣವಿನಕೆರೆಯ ಹಾಗೆ ಅದೂ ತಿಪಟೂರು ತಾಲ್ಲೂಕೇ. ಅಲ್ಲಿನ ಹೊಯ್ಸಳರ ಚೆನ್ನಕೇಶವ ದೇವಸ್ಥಾನ 13ನೇ ಶತಮಾನದ ಮಧ್ಯಭಾಗದ್ದು, ಪಿಯೆತಾಗಿಂತ ಇನ್ನೂರು ವರ್ಷಕ್ಕೂ ಹೆಚ್ಚು ಹಳೆಯದು. ಅಲ್ಲಿನ ಕೆಲವು ಮೂರ್ತಿಗಳ ಜೊತೆಗೇ ಕೆತ್ತಿದವನ ಹೆಸರಿದೆ: ಹೊನ್ನೋಜ. ಅವನೊಬ್ಬನೇ ಅಲ್ಲ. ಸೋಮನಾಥಪುರದಲ್ಲಿ ಮಲ್ಲಿತಮ್ಮ, ಬೇಲೂರಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇವರೆಲ್ಲ ಹಗಲಲ್ಲೇ ಹೆಸರು ಕೆತ್ತಿದವರು! ಕಲ್ಲೂ ಬೇರೆ ನೋಡಿ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿದ್ದಮೇಲೆ ಗಟ್ಟಿಯಾಗುತ್ತೆ. ಮೂರ್ತಿಯ ಮೈಮೇಲಿನ ಒಡವೆಯ ಒಂದೊಂದು ಮಣಿಯನ್ನೂ ಬಿಡಿಸೋಕೆ ಆಗಿದ್ದು ಅದರಿಂದಲೇ.

1972ರಲ್ಲಿ ಒಬ್ಬ ಸುತ್ತಿಗೆಯಿಂದ ಹೊಡೆದು ಮೇರಿಯ ಮೂಗು, ಕೈ ಮುರಿದ ಮೇಲೆ ಪಿಯೆತಾ ಗುಂಡು ತೂರದ ಗಾಜಿನ ಹಿಂದಿದೆ. ಹೊನ್ನೋಜನ ಮೂರ್ತಿಗಳು ಗಾಳಿ ಮಳೆಗೆ ಮೈಯೊಡ್ಡಿ, ಕೈಗೆಟಕುವ ಹಾಗೆ ನಿಂತಿವೆ. ಅವತ್ತು ಸಂಜೆಯೇ ಆ ಹಿರಿಯರನ್ನು ಕಾರಲ್ಲಿ ಕೂರಿಸಿಕೊಂಡು ಹೋದೆ. ಅವರು ಬೆರಳಿಟ್ಟು ಅಕ್ಷರ ತೋರಿಸಿದರು. ಕನ್ನಡವೇ. ನನಗೆ ಓದೋಕೆ ಬರಲಿಲ್ಲ.